ಅದು ಕೊಡೂದು, ಇದು ಬೇಡೂದು

ನಾನು ಆಪ್ತಸಲಹೆಗಾರ್ತಿ. ಮನೆಯಲ್ಲೇ ಏನಾದರೂ ಮಾಡಿ ಮಾರಲು ಹೊರಟು, ಊರಿನವರ ಬಾಗಿಲಿಗೆ ಹೋಗಿ ಕೇಳಲು ಹೆದರುವವರು ನನ್ನ ಬಳಿ ಪದೇ ಪದೇ ಬರುತ್ತಿದ್ದಾರೆ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಕೊಪ್ಪಳದ ಹೆಣ್ಣುಮಗಳು, ವಯಸ್ಸು ಮೂವತ್ತರ ಆಸುಪಾಸು. ಸಂಘದಲ್ಲಿ ಸಾಲ ತೆಗೆದು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡಿ ಮಾರುತ್ತಿದ್ದರು. ನಿದ್ದೆ ಇಲ್ಲ, ಸುಮ್ನೆ ಅಳು ಬರುತ್ತದೆ ಅಂತ ಬಂದವರು. ರಾತ್ರಿ ಒಂದರವರೆಗೆ ರೀಲ್ಸ್ ಹಾಕಿ, ಎಷ್ಟು ಜನ ನೋಡಿದರು ಅಂತ ಎಣಿಸುತ್ತಿದ್ದರು. ಮೆಚ್ಚಿದವರು ಬೆಂಗಳೂರು, ಪುಣೆಯವರು. ಕೊರಿಯರ್‌ನಲ್ಲಿ ಕಳಿಸಿದ ರೊಟ್ಟಿ ಪುಡಿಯಾಗಿ ಮುಟ್ಟುತ್ತಿತ್ತು. ತಮ್ಮೂರಿನ ಬಸ್ ಸ್ಟ್ಯಾಂಡ್ ಹತ್ತಿರದ ಖಾನಾವಳಿಗೆ ಮಾತ್ರ ಒಮ್ಮೆಯೂ ಹೋಗಿ ಕೇಳಿರಲಿಲ್ಲ.

ಮೂರನೇ ಭೇಟಿಯಲ್ಲಿ ಯಾಕೆ ಅಂತ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು.

“ಫೋನ್‌ದಾಗ ಯಾರೂ ಮಾರಿ ಮ್ಯಾಲೆ ಬ್ಯಾಡ ಅನ್ನೂದಿಲ್ರೀ ಮೇಡಂ.”

ನನಗೆ ಕೊಪ್ಪಳದ ಗವಿಮಠದ ಜಾತ್ರೆ ನೆನಪಾಯಿತು. ಜನವರಿ ಹೊತ್ತಿಗೆ ಸುತ್ತಲ ಊರುಗಳ ಹೆಣ್ಣುಮಕ್ಕಳು ಮನೆಮನೆಯಲ್ಲಿ ರೊಟ್ಟಿ ಬಡಿದು ದಾಸೋಹಕ್ಕೆ ಕಳಿಸುತ್ತಾರೆ. ಲಕ್ಷಗಟ್ಟಲೆ ರೊಟ್ಟಿ ಸೇರುತ್ತವೆ. “ನೀವೂ ಕೊಟ್ಟಿದ್ದೀರಲ್ವಾ? ಆಗ ನಾಚಿಕೆ ಆಗಿತ್ತಾ?” ಅಂದೆ.

ತಟ್ಟನೆ ಉತ್ತರ ಬಂತು. “ಅದು ಕೊಡೂದ್ರೀ. ಇದು ಬೇಡೂದು.”

ಉಳಿದ ಮುಕ್ಕಾಲು ಗಂಟೆ ಆ ಮಾತಿನ ಮೇಲೇ ಹೋಯಿತು. ಅಪ್ಪ ಸಾಲಕ್ಕಾಗಿ ಜನರ ಬಾಗಿಲಲ್ಲಿ ನಿಂತದ್ದನ್ನು ನೋಡಿ ಬೆಳೆದವರು. ಯಾರ ಬಾಗಿಲು ನೆನೆದರೂ ಅವರಿಗೆ ಅಪ್ಪನೇ ಕಾಣುತ್ತಿದ್ದರು. ಖಾನಾವಳಿಗೆ ದಿನಾ ರೊಟ್ಟಿ ಬೇಕು, ಬಡಿಯುವವರು ಸಿಗದೆ ಅವರೂ ಒದ್ದಾಡುತ್ತಾರೆ ಅಂತ ಹೇಳಿದೆ. ನಂಬಲಿಲ್ಲ. ಹಾಗಾದರೆ ಕೇಳಲೇಬೇಡಿ, ಕೊಟ್ಟು ಬನ್ನಿ ಅಂದೆ. ಐದು ರೊಟ್ಟಿ, ಸ್ವಲ್ಪ ಚಟ್ನಿ ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗಿ. “ರುಚಿ ನೋಡ್ರಿ. ನಿಮಗ ಯಾವ ದಿನ ರೊಟ್ಟಿ ಕಮ್ಮಿ ಬೀಳ್ತಾವ?” ಇಷ್ಟೇ ಮಾತು. ಆಮೇಲೆ ಮದುವೆ ಅಡುಗೆ ಹಿಡಿಯುವವರ ಹತ್ತಿರ ಹೋಗಿ. ರೊಟ್ಟಿ ಎಲ್ಲಿಂದ ತರಿಸೋಣ ಅಂತ ಮನೆಯವರು ಅವರನ್ನೇ ಅಲ್ವಾ ಕೇಳುವುದು?

ಇದು ಆಪ್ತಸಲಹೆಯೋ ವ್ಯಾಪಾರದ ಪಾಠವೋ ಅಂತ ಸಹೋದ್ಯೋಗಿಯೊಬ್ಬರು ಕೇಳಿದರು. ಸಾಲದ ಕಂತು ಎದೆ ಮೇಲೆ ಕೂತವರಿಗೆ ಉಸಿರಾಟದ ಅಭ್ಯಾಸವೊಂದನ್ನೇ ಹೇಳಿ ಕಳಿಸಲು ನನ್ನಿಂದ ಆಗಲ್ಲ. ಅವರ ನಿದ್ದೆ ಕೆಟ್ಟದ್ದೇ ಆ ಬಾಗಿಲ ಭಯದಿಂದ. ಫೋನ್ ಬಿಡಿ ಅಂತಲೂ ನಾನು ಹೇಳಲಿಲ್ಲ. ಒಮ್ಮೆ ಕೊಂಡವರು ಮತ್ತೆ ಹೇಳಿ ಕಳಿಸಲು ವಾಟ್ಸಾಪ್ ಇರಲಿ, ರಾತ್ರಿ ಒಂಬತ್ತರ ಮೇಲೆ ಬೇಡ. ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡಿರುವ ‘ಉದ್ಯಮ್’ ನೋಂದಣಿಗೆ ಏಜೆಂಟರಿಗೆ ದುಡ್ಡು ಕೊಡಲು ಹೊರಟಿದ್ದರು, ತಡೆದೆ. 2020ರಲ್ಲಿ ಶುರುವಾದ ಆ ನೋಂದಣಿ ಆನ್‌ಲೈನ್‌ನಲ್ಲಿ ಉಚಿತವಾಗಿಯೇ ಆಗುತ್ತದೆ.

ಮೊದಲ ಖಾನಾವಳಿಯವರು ರೊಟ್ಟಿ ಮುಟ್ಟದೇ ಬೇಡ ಅಂದರು. ಎರಡು ದಿನ ಈ ಹೆಣ್ಣುಮಗಳು ಮನೆಯಿಂದ ಹೊರಗೆ ಬರಲಿಲ್ಲ. ಆ ತಪ್ಪು ನನ್ನದು, ಒಬ್ಬರನ್ನೇ ಕಳಿಸಬಾರದಿತ್ತು. ಸಂಘದ ಗೆಳತಿ ಜೊತೆಯಾದ ಮೇಲೆ ಮತ್ತೆ ಹೊರಟರು. ಮೂರನೆಯವರು ಸೋಮವಾರಕ್ಕೆ 50 ರೊಟ್ಟಿ ಹೇಳಿದರು. ಈಗ ಯಾರು ಬಂದರೂ, ಮೊದಲ ಬಾಗಿಲಿಗೆ ಇಬ್ಬರು ಹೋಗಿ ಅಂತಲೇ ಹೇಳುತ್ತೇನೆ.