ಓದುಗರ ಪ್ರಶ್ನೆ: ಎಡ್ಡಿ ಮರ್ಕ್ಸ್ ಅಷ್ಟು ದೊಡ್ಡವನೇ?

ಪ್ರಶ್ನೆ: ಸ್ಲೊವೇನಿಯಾದ ಸೈಕ್ಲಿಸ್ಟ್ ತಡೇಯ್ ಪೊಗಾಚಾರ್ ಏನು ಗೆದ್ದರೂ ಎಲ್ಲರೂ ಬೆಲ್ಜಿಯಂನ ಎಡ್ಡಿ ಮರ್ಕ್ಸ್ ಹೆಸರು ಎತ್ತುತ್ತಾರೆ. ಐವತ್ತು ವರ್ಷ ಹಿಂದಿನ ಸೈಕ್ಲಿಸ್ಟ್ ಇನ್ನೂ ಅಳತೆಗೋಲಾಗಿರುವುದೇಕೆ? ಆತ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವನಲ್ಲವೇ?

ಉತ್ತರ: ಕೊನೆಯ ಮಾತಿಗೆ ಮೊದಲು ಉತ್ತರ. ಹೌದು, ಮೂರು ಸಲ. 1969ರಲ್ಲಿ ಇಟಲಿಯ ಮೂರು ವಾರಗಳ ಸ್ಪರ್ಧೆ ಜಿರೋ ದಿ ಇಟಾಲಿಯಾದಲ್ಲಿ ಎಲ್ಲರಿಗಿಂತ ಮುಂದಿದ್ದಾಗಲೇ ಸವೋನಾದಲ್ಲಿ ಮರ್ಕ್ಸ್‌ನನ್ನು ಹೊರಹಾಕಿದರು. 1973ರಲ್ಲಿ ಇಟಲಿಯ ಒಂದು ದಿನದ ಸ್ಪರ್ಧೆ ಲೊಂಬಾರ್ದಿಯಾದ ಗೆಲುವನ್ನು ಕೆಮ್ಮಿನ ಔಷಧಿಯೊಂದು ನುಂಗಿತು. 1977ರಲ್ಲಿ ಬೆಲ್ಜಿಯಂನ ಒಂದು ದಿನದ ಸ್ಪರ್ಧೆ ಫ್ಲೆಶ್ ವಾಲೋನ್‌ನಲ್ಲಿ ಮತ್ತೊಮ್ಮೆ. ಸವೋನಾ ಪ್ರಕರಣವನ್ನು ಆತ ಎಂದೂ ಒಪ್ಪಿಕೊಂಡಿಲ್ಲ. ಸಂಶಯದ ಲಾಭ ಕೊಟ್ಟು ಅಮಾನತು ತೆರವು ಮಾಡಿದ್ದರಿಂದಲೇ ಆ ವರ್ಷದ ಟೂರ್ ದ ಫ್ರಾನ್ಸ್‌ಗೆ ಬರಲು ಸಾಧ್ಯವಾಯಿತು. ಆತನನ್ನು ಮೆಚ್ಚುವ ನಮ್ಮಂಥವರು ಇದನ್ನು ಮುಚ್ಚಿಡಬಾರದು.

ಇನ್ನು ಅಳತೆಗೋಲಿನ ಮಾತು. ಐದು ಟೂರ್, ಐದು ಜಿರೋ, ಒಂದು ವುಯೆಲ್ತಾ (ಸ್ಪೇನ್‌ನ ಸ್ಪರ್ಧೆ), ಮೂರು ವೃತ್ತಿಪರ ವಿಶ್ವ ಪಟ್ಟ, ಏಳು ಮಿಲಾನ್–ಸಾನ್ ರೆಮೊ (ಇಟಲಿಯ ಒಂದು ದಿನದ ಸ್ಪರ್ಧೆ). ಒಟ್ಟು 525 ಗೆಲುವು. ಆದರೆ ಪಟ್ಟಿ ನೋಡಿ ಮರ್ಕ್ಸ್ ಅರ್ಥವಾಗುವುದಿಲ್ಲ. 1969ರ ಜುಲೈ 15 ನೋಡಿ. ಅದು ಆತನ ಮೊದಲ ಟೂರ್, ವಯಸ್ಸು 24. ಒಟ್ಟು ಸಮಯದಲ್ಲಿ ಮುಂದಿರುವವನು ತೊಡುವ ಹಳದಿ ಜೆರ್ಸಿ ಮೈಮೇಲಿದೆ, ಎರಡನೆಯವನಿಗಿಂತ ಎಂಟು ನಿಮಿಷ ಮುಂದಿದ್ದಾನೆ. ಅಂಥ ಸ್ಥಿತಿಯಲ್ಲಿರುವವನು ಗುಂಪಿನ ನಡುವೆ ಗಾಳಿಯಿಂದ ಮರೆಯಾಗಿ ಸುಮ್ಮನೆ ದಿನ ದೂಡಬೇಕು; ಮುಂದಿನವರ ಚಕ್ರಕ್ಕೆ ಅಂಟಿಕೊಂಡು ಹೋದರೆ ಉಳಿಯುವ ಶ್ರಮ ಅಷ್ಟಿಷ್ಟಲ್ಲ. ಮರ್ಕ್ಸ್ ಹಾಗೆ ಮಾಡಲಿಲ್ಲ. ತೂರ್ಮಲೆ ಘಟ್ಟದ ನೆತ್ತಿಯಲ್ಲಿ ತನ್ನದೇ ತಂಡದ ಮಾರ್ಟಿನ್ ವಾನ್ ಡೆನ್ ಬೊಸ್ಕ್‌ನನ್ನು ಹಿಂದಿಕ್ಕಿ ಇಳಿಜಾರಿಗೆ ಬಿದ್ದ. ಕೆಳಗೆ ಬಂದಾಗ ಹಿಂದೆ ಯಾರೂ ಇರಲಿಲ್ಲ. ಒಬ್ಬನೇ ಓಬಿಸ್ಕ್ ಘಟ್ಟವನ್ನೂ ಹತ್ತಿಳಿದು, ಸುಮಾರು 140 ಕಿಲೋಮೀಟರ್ ಒಂಟಿಯಾಗಿ ತುಳಿದು ಅಂದಿನ ಗುರಿಯಾದ ಮೂರೆನ್ಸ್ ತಲುಪಿದ. ಉಳಿದವರು ಬಂದದ್ದು ಸುಮಾರು ಎಂಟು ನಿಮಿಷದ ನಂತರ. (ಮಾರ್ಟಿನ್ ಮುಂದಿನ ವರ್ಷ ಬೇರೆ ತಂಡಕ್ಕೆ ಹೊರಟಿದ್ದ. ಆದರೂ ಇಡೀ ಟೂರ್‌ನಲ್ಲಿ ದುಡಿದ ಜೊತೆಗಾರನಿಗೆ ಆ ನೆತ್ತಿಯನ್ನಾದರೂ ಬಿಟ್ಟುಕೊಡಬಹುದಿತ್ತು ಎಂದೇ ನನ್ನ ಅಭಿಪ್ರಾಯ.)

ಅದೇ ಸೆಪ್ಟೆಂಬರ್‌ನಲ್ಲಿ ಫ್ರಾನ್ಸ್‌ನ ಬ್ಲುವಾದ ಟ್ರ್ಯಾಕ್‌ನಲ್ಲಿ ಅಪಘಾತವಾಯಿತು. ವೇಗ ಹೆಚ್ಚಲೆಂದು ಗಾಳಿ ತಡೆಯುತ್ತ ಮುಂದೆ ಮೋಟಾರ್ ಸೈಕಲ್ ಓಡಿಸುತ್ತಿದ್ದ ಫೆರ್ನಾಂ ವಾಂಬ್ಸ್ಟ್ ಪ್ರಾಣ ಬಿಟ್ಟ. ಮರ್ಕ್ಸ್‌ಗೆ ಬೆನ್ನು, ಸೊಂಟಕ್ಕೆ ಪೆಟ್ಟು. ಘಟ್ಟ ಹತ್ತುವಾಗ ಮೊದಲಿನ ಸಲೀಸು ಮತ್ತೆ ಸಿಗಲೇ ಇಲ್ಲ ಎಂದು ಆತನೇ ಹೇಳಿಕೊಂಡಿದ್ದಾನೆ. ಅಂದರೆ ಐದರಲ್ಲಿ ನಾಲ್ಕು ಟೂರ್ ಗೆದ್ದದ್ದು ನೋಯುವ ಬೆನ್ನಿನಲ್ಲಿ.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಆತ ಸೋತ 1975ರ ಟೂರ್. ಪುಯ್ ದ ದೋಮ್ ಏರಿನಲ್ಲಿ ಪ್ರೇಕ್ಷಕನೊಬ್ಬ ಹೊಟ್ಟೆಯ ಪಕ್ಕಕ್ಕೆ ಗುದ್ದಿದ. ಎರಡು ದಿನದ ನಂತರ ಪ್ರಾ ಲೂ ಏರಿನಲ್ಲಿ ಫ್ರಾನ್ಸ್‌ನ ಬೆರ್ನಾರ್ ತೆವ್ನೆ ದಾಟಿಹೋದ. ಹಳದಿ ಜೆರ್ಸಿ ಕೈಬಿಟ್ಟಿತು, ಮರಳಿ ಬರಲಿಲ್ಲ. ಸಾಲದ್ದಕ್ಕೆ ವಾಲ್ವಾರ್‌ನಲ್ಲಿ ಬಿದ್ದು ಕೆನ್ನೆಯ ಮೂಳೆ ಮುರಿಯಿತು. ಗಟ್ಟಿ ಆಹಾರ ಅಗಿಯಲಾಗದು, ವೈದ್ಯರು ಸಾಕು ಬಿಡು ಎನ್ನುತ್ತಾರೆ. ಬಿಡಲಿಲ್ಲ. ಬಹುಮಾನದ ಹಣ ತಂಡದವರಿಗೆಲ್ಲ ಹಂಚಿಕೆಯಾಗುವುದು ಈ ಆಟದ ವಾಡಿಕೆ. ನಾಯಕ ಮನೆಗೆ ಹೊರಟರೆ ದುಡಿದವರ ಕೈಗೂ ಕಡಿಮೆ. ಪ್ಯಾರಿಸ್‌ವರೆಗೂ ಹೋಗಿ 2 ನಿಮಿಷ 47 ಸೆಕೆಂಡ್‌ನಲ್ಲಿ ಸೋತ.

ಪೊಗಾಚಾರ್ ಜೊತೆಗಿನ ಹೋಲಿಕೆ ನ್ಯಾಯವೇ. ಒಂದೇ ವರ್ಷ ಜಿರೋ, ಟೂರ್, ವಿಶ್ವ ಪಟ್ಟ ಮೂರನ್ನೂ ಗೆದ್ದ ಪುರುಷರು ಮೂವರೇ: 1974ರಲ್ಲಿ ಮರ್ಕ್ಸ್, 1987ರಲ್ಲಿ ಸ್ಟೀಫನ್ ರೋಚ್, 2024ರಲ್ಲಿ ಪೊಗಾಚಾರ್. ಆ ವರ್ಷ ಜ್ಯೂರಿಕ್‌ನ ವಿಶ್ವ ಪಟ್ಟದ ಸ್ಪರ್ಧೆಯಲ್ಲಿ ಇನ್ನೂ ನೂರು ಕಿಲೋಮೀಟರ್ ಉಳಿದಿರುವಾಗಲೇ ಪೊಗಾಚಾರ್ ಗುಂಪು ಬಿಟ್ಟು ಹೊರಟ. ಬಹುಪಾಲು ಚಾಂಪಿಯನ್ನರು ತಮಗೆ ಒಗ್ಗುವ ಸ್ಪರ್ಧೆ ಆರಿಸಿಕೊಂಡು ಉಳಿದವನ್ನು ಬಿಟ್ಟುಬಿಡುತ್ತಾರೆ. ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಹೋದಲ್ಲೆಲ್ಲ ಗೆಲ್ಲಲೆಂದೇ ಹೋಗುವ ಮರ್ಕ್ಸ್ ಗುಣ ನನಗೆ ಕಂಡಿರುವುದು ಪೊಗಾಚಾರ್‌ನಲ್ಲಿ ಮಾತ್ರ.

ಪ್ರಶ್ನೆ: ಮರ್ಕ್ಸ್‌ನ ‘ಒಂದು ಗಂಟೆಯ ದಾಖಲೆ’ ಎಂದರೇನು?

ಉತ್ತರ: ಟ್ರ್ಯಾಕ್‌ನಲ್ಲಿ ಒಬ್ಬನೇ, ಒಂದು ಗಂಟೆಯಲ್ಲಿ ಎಷ್ಟು ದೂರ ಹೋಗಬಲ್ಲೆ ಎಂಬ ಪರೀಕ್ಷೆ. 1972ರ ಅಕ್ಟೋಬರ್ 25ರಂದು ಮೆಕ್ಸಿಕೊ ಸಿಟಿಯಲ್ಲಿ ಮರ್ಕ್ಸ್ 49.431 ಕಿಲೋಮೀಟರ್ ಕ್ರಮಿಸಿದ. ಸಮುದ್ರಮಟ್ಟದಿಂದ ಬಹಳ ಎತ್ತರದ ಆ ಊರಿನಲ್ಲಿ ಗಾಳಿ ತೆಳು. ತಡೆ ಕಡಿಮೆ, ಆದರೆ ಉಸಿರಿಗೂ ಕೊರತೆ. ಮುಂದೆ ಹೊಸ ಬಗೆಯ ಸೈಕಲ್‌ಗಳಲ್ಲಿ ಇತರರು ಬಹಳ ದೂರ ಹೋದರು. ಹಾಗಾಗಿ 2000ದಲ್ಲಿ ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಮರ್ಕ್ಸ್ ಕಾಲದ ಮಾದರಿಯ ಸೈಕಲ್ಲೇ ಬೇಕೆಂದು ನಿಯಮ ಮಾಡಿತು. ಆ ವರ್ಷ ಬ್ರಿಟನ್ನಿನ ಕ್ರಿಸ್ ಬೋರ್ಡ್‌ಮನ್ ಅಂಥ ಸೈಕಲ್ ಏರಿ ಕ್ರಮಿಸಿದ್ದು 49.441. ಹತ್ತೇ ಮೀಟರ್ ಹೆಚ್ಚು.