ಕೈಗೆ ಕೂತ ಕಲ್ಲೆಲ್ಲ ಹೆರೆಗಲ್ಲಲ್ಲ

ಪ್ರಶ್ನೆ: ಎರಡು ವರ್ಷಗಳಿಂದ ನದಿಯ ಪಾತ್ರದಲ್ಲೂ ಉತ್ತ ಹೊಲಗಳಲ್ಲೂ ಕಲ್ಲು ಆಯುತ್ತಿದ್ದೇನೆ. ನಲವತ್ತರಷ್ಟು ಸೇರಿವೆ. ಹೆಬ್ಬೆರಳಿಗೊಂದು ತಗ್ಗು, ತೋರುಬೆರಳಿಗೊಂದು ಜಾಗ, ಅಳತೆ ಕೊಟ್ಟು ಮಾಡಿಸಿದಂತೆ ಕೈಗೆ ಕೂರುತ್ತವೆ. ಶಿಲಾಯುಗದವರು ಚರ್ಮ ಹೆರೆಯಲು ಬಳಸಿದ ಉಪಕರಣಗಳಿವು ಎಂದು ನನ್ನ ನಂಬಿಕೆ. ಸ್ನೇಹಿತರು ನಗುತ್ತಾರೆ. ಹನ್ನೊಂದರ ಚಿತ್ರ ಕಳುಹಿಸಿದ್ದೇನೆ. ನಿಜವೋ ಅಲ್ಲವೋ ತಿಳಿಯುವುದು ಹೇಗೆ?

ಉತ್ತರ: ಹನ್ನೊಂದರಲ್ಲಿ ಒಂಬತ್ತನ್ನು ಮಾಡಿದ್ದು ನದಿ. ಹತ್ತನೆಯದರ ಮೇಲೆ ನನಗೆ ಅನುಮಾನವಿದೆ. ಕೊನೆಯದು, ಆ ಕಂದು ಬಣ್ಣದ ಚರ್ಟ್ (ಚಕಮಕಿಯ ಜಾತಿಯ ಕಲ್ಲು) ಚಕ್ಕೆ ಮಾತ್ರ ಅಪ್ಪಟ ಹೆರೆಗಲ್ಲು. ಎರಡು ವರ್ಷದ ತಿರುಗಾಟಕ್ಕೆ ಒಂದು ಸಿಕ್ಕಿದ್ದು ಕಡಿಮೆಯೇನಲ್ಲ.

‘ಕೈಗೆ ಕೂರುತ್ತದೆ’ ಎಂಬ ಪರೀಕ್ಷೆಯನ್ನು ಮೊದಲು ಕೈಬಿಡಿ. ಮನುಷ್ಯನ ಕೈ ಬಹಳ ಉದಾರಿ. ಯಾವ ಕಲ್ಲನ್ನು ಕೊಟ್ಟರೂ ನಾಲ್ಕು ಸಲ ತಿರುಗಿಸಿ ಹಿಡಿತಕ್ಕೊಂದು ದಾರಿ ಹುಡುಕಿಕೊಳ್ಳುತ್ತದೆ. ಅದೂ ಅಲ್ಲದೆ ನಿಜವಾದ ಹೆರೆಗಲ್ಲುಗಳಲ್ಲಿ ಅನೇಕವು ಕೈಗೆ ಕೂರುವುದೇ ಇಲ್ಲ. ಹೆಬ್ಬೆರಳ ಉಗುರಿನಷ್ಟೇ ಇರುವ ಅವುಗಳನ್ನು ಮರದ ಅಥವಾ ಕೊಂಬಿನ ಹಿಡಿಗೆ ಸಿಕ್ಕಿಸಿ ಬಳಸುತ್ತಿದ್ದರು.

ನೋಡಬೇಕಾದ್ದು ಕಲ್ಲು ಒಡೆದ ರೀತಿ. ಚಕಮಕಿ ಕಲ್ಲು, ಚರ್ಟ್, ಜಾಸ್ಪರ್, ಅಬ್ಸಿಡಿಯನ್‌ನಂತಹ ನುಣುಪು ಕಲ್ಲುಗಳು ಗಾಜಿನಂತೆ ಒಡೆಯುತ್ತವೆ. ಪೆಟ್ಟು ಬಿದ್ದ ಜಾಗದಿಂದ ಬಲ ಶಂಕುವಿನಾಕಾರದಲ್ಲಿ ಹರಡಿ ಚಕ್ಕೆ ಏಳುತ್ತದೆ. ಹಾಗೆ ಎದ್ದ ಚಕ್ಕೆಯ ಒಂದು ತುದಿಯಲ್ಲಿ ಪೆಟ್ಟು ತಿಂದ ಪುಟ್ಟ ಸಮತಟ್ಟು, ಅದರ ಕೆಳಗೆ ಒಳಮೈಯಲ್ಲಿ ಚಿಪ್ಪಿನ ಬೆನ್ನಿನಂತಹ ಉಬ್ಬು, ಅಲ್ಲಿಂದ ಮುಂದಕ್ಕೆ ಕೆರೆಗೆ ಕಲ್ಲೆಸೆದಾಗ ಏಳುವಂತಹ ಅಲೆಗೆರೆಗಳು. ಇವು ಮೂರೂ ಕಂಡರೆ ಅದು ಚಕ್ಕೆ. ಆದರೆ ಚಕ್ಕೆಯೆಲ್ಲ ಹೆರೆಗಲ್ಲಲ್ಲ. ಹೆರೆಗಲ್ಲಾಗಲು ಅದರ ಅಂಚನ್ನು ಮತ್ತೆ ಕೆತ್ತಿರಬೇಕು: ಸಾಮಾನ್ಯವಾಗಿ ಸಪಾಟಾದ ಒಳಮೈಯ ಕಡೆಯಿಂದ ಸಣ್ಣ ಪೆಟ್ಟು ಅಥವಾ ಒತ್ತಡ ಕೊಟ್ಟು, ಹೊರಮೈಯಿಂದ ಚಿಕ್ಕ ಚಿಕ್ಕ ಸಿಪ್ಪೆಗಳನ್ನು ಒಂದರ ಪಕ್ಕ ಒಂದರಂತೆ ಎಬ್ಬಿಸಿರಬೇಕು. ನಿಮ್ಮ ಕಂದು ಚಕ್ಕೆಯ ಬಾಗಿದ ತುದಿಯಲ್ಲಿ ಅಂತಹ ಗುರುತುಗಳ ಸಾಲು ಎಲ್ಲೂ ಕಡಿಯದೆ ಓಡಿದೆ. ಎಲ್ಲವೂ ಒಂದೇ ಮೈಯಲ್ಲಿವೆ, ಸರಿಸುಮಾರು ಒಂದೇ ಅಳತೆ, ಒಂದೇ ಇಳಿಜಾರು. ಬೇಕಾದ ಅಂಚು ಸಿಕ್ಕಿದ ಕೂಡಲೇ ಕೆತ್ತನೆ ನಿಂತಿದೆ. ಆ ನಿಲುಗಡೆಯಲ್ಲೇ ಮನುಷ್ಯ ಕಾಣುತ್ತಾನೆ. ನದಿಗೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದಿಲ್ಲ. ಅದು ಎರಡೂ ಮೈಗಳನ್ನು ಎಲ್ಲೆಂದರಲ್ಲಿ ಕುಟ್ಟಿ, ಏಣುಗಳನ್ನು ಸವೆಸಿಬಿಡುತ್ತದೆ.

ಇದರಲ್ಲಿ ಎಡವಿದವರು ನೀವೊಬ್ಬರೇ ಅಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಕೆಂಟ್‌ನಲ್ಲಿ ಬೆಂಜಮಿನ್ ಹ್ಯಾರಿಸನ್ ಎಂಬ ಹವ್ಯಾಸಿ ಒರಟು ಕಲ್ಲುಗಳ ರಾಶಿಯನ್ನೇ ಕೂಡಿಹಾಕಿದರು. ಅವು ಮನುಷ್ಯನ ಮೊಟ್ಟಮೊದಲ ಉಪಕರಣಗಳೆಂದು ದೊಡ್ಡ ದೊಡ್ಡ ವಿದ್ವಾಂಸರೇ ನಂಬಿ, ‘ಇಯೊಲಿತ್’ ಎಂದು ಕರೆದರು. 1905ರಲ್ಲಿ ಫ್ರಾನ್ಸಿನ ಪ್ರಾಗ್ಜೀವಿ ವಿಜ್ಞಾನಿ ಮಾರ್ಸೆಲಿನ್ ಬೂಲ್ ಅವರಿಗೆ ಅಂತಹವೇ ಕಲ್ಲುಗಳು ಮಾಂತ್ ಪಟ್ಟಣದ ಬಳಿಯ ಸಿಮೆಂಟ್ ಕಾರ್ಖಾನೆಯಲ್ಲಿ ಸಿಕ್ಕವು. ಸೀಮೆಸುಣ್ಣದ ಕಲ್ಲನ್ನು ನೀರಿನಲ್ಲಿ ಕಲಕುವ ಯಂತ್ರದೊಳಗೆ ಚಕಮಕಿ ಗಟ್ಟಿಗಳು ಒಂದಕ್ಕೊಂದು ಬಡಿದು, ಥೇಟ್ ಇಯೊಲಿತ್‌ಗಳಾಗಿ ಹೊರಬರುತ್ತಿದ್ದವು! ಮುಂದೆ 1939ರಲ್ಲಿ ಆಲ್ಫ್ರೆಡ್ ಬಾರ್ನ್ಸ್ ಎಂಬ ಸಂಶೋಧಕರು ಇದಕ್ಕೊಂದು ಅಳತೆಗೋಲು ಕೊಟ್ಟರು. ಕೆತ್ತುವವನು ಲಂಬಕೋನಕ್ಕಿಂತ ಕಿರಿದಾದ ಕೋನವಿರುವ ಅಂಚನ್ನೇ ಹುಡುಕಿ ಹೊಡೆಯುತ್ತಾನೆ, ಪ್ರಕೃತಿ ಹಾಗೆ ಆರಿಸುವುದಿಲ್ಲ. ಒಂದೆಡೆ ಸಿಕ್ಕ ಕಲ್ಲುಗಳ ಚಕ್ಕೆ ಗುರುತುಗಳಲ್ಲಿ 90 ಡಿಗ್ರಿ ಅಥವಾ ಅದಕ್ಕಿಂತ ದೊಡ್ಡ ಕೋನಗಳು ನೂರಕ್ಕೆ 25ನ್ನು ಮೀರಿದರೆ ಅವು ಮನುಷ್ಯನ ಕೆಲಸವೆನ್ನುವುದು ಕಷ್ಟ ಎಂಬುದು ಅವರ ಲೆಕ್ಕ. ಗಮನಿಸಿ, ಇದು ಒಂಟಿ ಕಲ್ಲಿಗೆ ಅನ್ವಯಿಸುವ ಲೆಕ್ಕವಲ್ಲ.

ಉತ್ತ ಹೊಲದ ಕಲ್ಲುಗಳಲ್ಲಿ ಇನ್ನೊಂದು ಮೋಸವಿದೆ. ನೇಗಿಲು, ಟ್ರ್ಯಾಕ್ಟರ್ ಚಕ್ರ, ದನದ ಗೊರಸು, ಎಲ್ಲವೂ ಚಕ್ಕೆಯ ಅಂಚನ್ನು ಮುರಿಯಬಲ್ಲವು. ನಿಮ್ಮ ಹತ್ತನೆಯ ಕಲ್ಲಿನ ಮೇಲೆ ನನ್ನ ಅನುಮಾನ ಇದೇ. ಮೈಯೆಲ್ಲ ಹಳೆಯ ಬಿಳಿಚು ಪೊರೆ, ಅಂಚಿನ ಗುರುತುಗಳು ಮಾತ್ರ ಕಪ್ಪಗೆ ಹೊಸದಾಗಿ ಹೊಳೆಯುತ್ತಿವೆ. ಏಣಿನ ಮೇಲೆ ಕಬ್ಬಿಣದ ತುಕ್ಕಿನ ಗೀರು ಬೇರೆ. ಚಕ್ಕೆ ಹಳೆಯದಿರಬಹುದು, ‘ಕೆತ್ತನೆ’ ಮೊನ್ನೆ ಮೊನ್ನೆಯದು. ಹಿಂದೊಮ್ಮೆ ನಾನೂ ಇಂತಹ ಹೊಳಪಿಗೆ ಮರುಳಾಗಿ ಒಂದು ಕಲ್ಲನ್ನು ಹತ್ತಾರು ಜನರಿಗೆ ತೋರಿಸಿದ್ದೆ. ಅದು ಜಲ್ಲಿ ಯಂತ್ರದಿಂದ ಬಂದದ್ದೆಂದು ಗೊತ್ತಾದ ದಿನವನ್ನು ನೆನೆಯಲು ಇಷ್ಟವಿಲ್ಲ.

ಪ್ರಶ್ನೆ: ಆ ಕಂದು ಚಕ್ಕೆ ಯಾವ ಬಗೆಯದು, ಎಷ್ಟು ಹಳೆಯದು? ಅದು ಚರ್ಮವನ್ನೇ ಹೆರೆಯಿತೆಂದು ಹೇಳಬಹುದೇ?

ಉತ್ತರ: ಕೆತ್ತಿದ ಅಂಚು ಚಕ್ಕೆಯ ಉದ್ದ ಬದಿಯಲ್ಲಿದ್ದರೆ ಪಕ್ಕದ ಹೆರೆಗಲ್ಲು, ತುದಿಯಲ್ಲಿದ್ದರೆ ತುದಿಯ ಹೆರೆಗಲ್ಲು. ನಿಮ್ಮದು ಎರಡನೆಯದು. ಅಂಚು ಕಡಿದಾಗಿದೆ, 70 ಡಿಗ್ರಿಯ ಆಸುಪಾಸು ಇರಬೇಕು. ಹರಿತ ಚಾಕುವಿನಂತಿದ್ದರೆ ಚರ್ಮ ಸೀಳಿಹೋಗುತ್ತದೆ. ಹೆರೆಯಲು ಬೇಕಾದ್ದು ಮೊಂಡು ಕೋನದ, ಗಟ್ಟಿಮುಟ್ಟಾದ ಅಂಚು.

ಬಗೆಗಳ ಹೆಸರಿಗೆ ತೀರಾ ಅಂಟಿಕೊಳ್ಳಬೇಡಿ. ಫ್ರಾನ್ಸಿನ ಪುರಾತತ್ವಜ್ಞ ಫ್ರಾಂಸ್ವಾ ಬೋರ್ಡ್ ಮಧ್ಯ ಹಳೆ ಶಿಲಾಯುಗದ ಚಕ್ಕೆ ಉಪಕರಣಗಳನ್ನು 63 ಬಗೆಗಳಾಗಿ ವಿಂಗಡಿಸಿದರು. ಅವುಗಳಲ್ಲಿ ಮೂರರಲ್ಲೊಂದು ಪಾಲು ಪಕ್ಕದ ಹೆರೆಗಲ್ಲುಗಳೇ: ಒಂಟಿ ಅಂಚಿನದು, ಜೋಡಿ ಅಂಚಿನದು, ಅಂಚುಗಳು ಕೂಡುವಂಥದ್ದು, ಅಡ್ಡ ಅಂಚಿನದು, ಹೀಗೆ. ಒಂದೊಂದನ್ನೂ ಮಾಡಿದವನು ಮೊದಲೇ ಮನಸ್ಸಿನಲ್ಲಿಟ್ಟುಕೊಂಡ ಆಕಾರವೆಂದು ಬಹುಕಾಲ ಭಾವಿಸಲಾಗಿತ್ತು. 1980ರ ದಶಕದಲ್ಲಿ ಅಮೆರಿಕದ ಪುರಾತತ್ವಜ್ಞ ಹೆರಾಲ್ಡ್ ಡಿಬಲ್ ತಕರಾರು ತೆಗೆದರು. ಅಂಚು ಮೊಂಡಾಯಿತು, ಮತ್ತೆ ಕೆತ್ತಿದರು. ಈ ಬದಿ ಸವೆಯಿತು, ಆ ಬದಿ ಹಿಡಿದರು. ಹಾಗಾಗಿ ಒಂಟಿ ಅಂಚಿನದೇ ಜೋಡಿಯಾಗಿ, ಕೊನೆಗೆ ಎರಡೂ ಅಂಚುಗಳು ತುದಿಯಲ್ಲಿ ಕೂಡಿರಬಹುದು ಎಂದರು. ಈ ವಾದ ನನಗೆ ಬಹುಮಟ್ಟಿಗೆ ಒಪ್ಪಿಗೆ. ನಮ್ಮ ಕೈಗೆ ಸಿಗುವುದು ಬಹುಪಾಲು ಸವೆದು ಎಸೆದ ಮೋಟು ಪೆನ್ಸಿಲ್‌ಗಳು. ಮೋಟಿನ ಆಕಾರ ನೋಡಿ ಹೊಸ ಪೆನ್ಸಿಲ್ ಹೀಗೇ ಇತ್ತೆನ್ನಲು ಹೋಗಬಾರದು.

ಕಲ್ಲು ಹೀಗೆ ಸವೆಯುವುದನ್ನು ನಮ್ಮ ಕಾಲದಲ್ಲೇ ಕಣ್ಣಾರೆ ಕಂಡ ಜಾಗವೊಂದಿದೆ. ದಕ್ಷಿಣ ಇಥಿಯೋಪಿಯಾದ ಕೊನ್ಸೊ ಜನರಲ್ಲಿ ಮಹಿಳೆಯರು ತಾವೇ ಕೆತ್ತಿದ ಕಲ್ಲಿನ ಹೆರೆಗಲ್ಲುಗಳನ್ನು ಹಿಡಿಗೆ ಕೂರಿಸಿ ಚರ್ಮ ಹದಮಾಡುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ಕೆಲಸದ ನಡುನಡುವೆ ಅಂಚನ್ನು ಮತ್ತೆ ಮತ್ತೆ ಹರಿತ ಮಾಡುತ್ತಾರೆ, ಕಲ್ಲು ಗಿಡ್ಡವಾಗುತ್ತ ಹೋಗುತ್ತದೆ. ಕಲ್ಲಿನ ಉಪಕರಣ ಮಾಡಿದವನು ‘ಬೇಟೆಗಾರ ಪುರುಷ’ನೇ ಎಂದು ಚಿತ್ರ ಬರೆಯುವವರು ಒಮ್ಮೆ ಇದನ್ನು ನೋಡಿಬರಬೇಕು.

ಚರ್ಮವೋ ಮರವೋ ಎಂಬುದನ್ನು ಬರಿಗಣ್ಣು ಹೇಳಲಾರದು. ಸವೆತದ ಗುರುತುಗಳನ್ನು ಓದುವ ವಿದ್ಯೆಗೆ ಸೋವಿಯತ್ ಒಕ್ಕೂಟದ ಪುರಾತತ್ವಜ್ಞ ಸೆರ್ಗೆಯ್ ಸೆಮ್ಯೋನೊವ್ ಅಡಿಪಾಯ ಹಾಕಿದರು. ಅಮೆರಿಕದ ಪುರಾತತ್ವಜ್ಞ ಲಾರೆನ್ಸ್ ಕೀಲಿ ಹೆಚ್ಚು ಪಟ್ಟು ಹಿಗ್ಗಿಸುವ ಸೂಕ್ಷ್ಮದರ್ಶಕದಿಂದ ಅದನ್ನು ಮುಂದುವರಿಸಿದರು. ಒಣ ಚರ್ಮ ಹೆರೆದರೆ ಅಂಚು ದುಂಡಾಗಿ ಮಂಕು ಹೊಳಪು ಬರುತ್ತದೆ, ಮರ ಹೆರೆದರೆ ನುಣುಪಾದ ಪ್ರಕಾಶದ ಹೊಳಪು. ಹೆರೆಗಲ್ಲೆಂಬುದು ಆಕಾರಕ್ಕೆ ಕೊಟ್ಟ ಹೆಸರು, ಕೆಲಸಕ್ಕಲ್ಲ.

ವಯಸ್ಸು? ಒಂಟಿ ಕಲ್ಲನ್ನು ನೋಡಿ ಹೇಳುವವರನ್ನು ನಂಬಬೇಡಿ. ಹೆರೆಗಲ್ಲುಗಳು ಲಕ್ಷಾಂತರ ವರ್ಷಗಳ ಕಾಲ ಬಳಕೆಯಲ್ಲಿದ್ದವು. ಪದರ ಮತ್ತು ಜೊತೆಗಿದ್ದ ವಸ್ತುಗಳಿಂದಲೇ ಕಾಲ ತಿಳಿಯಬೇಕು. ಹಳೆಯ ಬಂದೂಕಿನ ಕಿಡಿಗಲ್ಲುಗಳು ಪುಟ್ಟ ಹೆರೆಗಲ್ಲುಗಳಂತೆಯೇ ಕಾಣುತ್ತವೆ ಎಂಬುದೂ ನೆನಪಿರಲಿ.

ಪ್ರಶ್ನೆ: ಕಲ್ಲುಗಳನ್ನು ತಂತಿ ಬ್ರಷ್‌ನಿಂದ ತಿಕ್ಕಿ, ಎಣ್ಣೆ ಸವರಿ, ಎಲ್ಲವನ್ನೂ ಒಂದೇ ಡಬ್ಬಿಯಲ್ಲಿ ಇಟ್ಟಿದ್ದೇನೆ. ಸರಿಯೇ? ಮುಂದೆ ಹೇಗೆ ಸಂಗ್ರಹಿಸಲಿ?

ಉತ್ತರ: ಇದನ್ನು ಓದಿ ಸ್ವಲ್ಪ ಸಿಟ್ಟು ಬಂತು. ಸೂಕ್ಷ್ಮದರ್ಶಕಕ್ಕೆ ಸಿಗಬೇಕಾಗಿದ್ದ ಹೊಳಪನ್ನು ತಂತಿ ಬ್ರಷ್ ಕೆಡಿಸುತ್ತದೆ, ಎಣ್ಣೆ ಮುಚ್ಚುತ್ತದೆ. ಡಬ್ಬಿಯಲ್ಲಿ ಒಂದಕ್ಕೊಂದು ತಾಗಿದ ಕಲ್ಲುಗಳು ನಕಲಿ ಕೆತ್ತನೆಯನ್ನು ತಾವೇ ಮಾಡಿಕೊಳ್ಳುತ್ತವೆ. ಬರೀ ನೀರು, ಬೆರಳು ಸಾಕು. ಒಂದೊಂದು ಕಲ್ಲಿಗೆ ಒಂದೊಂದು ಚೀಲ.

ಇನ್ನು ಮುಂದೆ ಕಂಡ ಕೂಡಲೇ ಎತ್ತಬೇಡಿ. ಅಗೆಯಲಂತೂ ಬೇಡವೇ ಬೇಡ. ಎಷ್ಟೋ ದೇಶಗಳಲ್ಲಿ ಪ್ರಾಚೀನ ವಸ್ತುಗಳು ಸರ್ಕಾರದ ಸ್ವತ್ತು, ಅನುಮತಿಯಿಲ್ಲದೆ ಎತ್ತುವುದೇ ಅಪರಾಧ. ನೀವು ನಡೆಯುವ ನೆಲದ ಕಾನೂನನ್ನು ಮೊದಲು ತಿಳಿದುಕೊಳ್ಳಿ, ಜಮೀನಿನ ಮಾಲೀಕರನ್ನು ಕೇಳಿ. ಕಲ್ಲು ಇದ್ದಲ್ಲೇ ಇರಲಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಎಡ ಮೇಲ್ಬದಿಯಿಂದ ಓರೆ ಬೆಳಕು ಬೀಳುವಂತೆ ಚಿತ್ರ ತೆಗೆಯಿರಿ, ಆಗ ಗುರುತುಗಳು ಎದ್ದು ಕಾಣುತ್ತವೆ. ಮೊಬೈಲ್‌ನಲ್ಲಿ ಅಕ್ಷಾಂಶ ರೇಖಾಂಶ ದಾಖಲಿಸಿ. ಸುತ್ತ ಕಣ್ಣಾಡಿಸಿ: ಚಕ್ಕೆ ಎಬ್ಬಿಸಿ ಉಳಿದ ತಿರುಳುಗಲ್ಲು, ಸಣ್ಣ ಚೂರುಗಳು ಇದ್ದರೆ ಅಲ್ಲಿ ಯಾರೋ ಕುಳಿತು ಕೆಲಸ ಮಾಡಿರಬಹುದು. ಚಂದದ ಒಂದನ್ನು ಮಾತ್ರ ಜೇಬಿಗೆ ಹಾಕಿಕೊಂಡು ಬಂದರೆ ಆ ಚೂರುಗಳ ಮಾತು ಅರ್ಧಕ್ಕೆ ನಿಲ್ಲುತ್ತದೆ. ಪುರಾತತ್ವ ಇಲಾಖೆಗೋ ಹತ್ತಿರದ ವಸ್ತುಸಂಗ್ರಹಾಲಯಕ್ಕೋ ತಿಳಿಸಿ.

ಈಗಾಗಲೇ ತಂದಿರುವ ಕಂದು ಚಕ್ಕೆಯ ವಿಷಯದಲ್ಲಿ ಒಂದು ಕೆಲಸ ಇಂದೇ ಮಾಡಿ. ಯಾವ ಹೊಲ, ಅದರ ಯಾವ ಮೂಲೆ, ಯಾವ ತಿಂಗಳು, ಉತ್ತ ಮೇಲೋ ಮಳೆಯ ಮೇಲೋ, ನೆನಪಿಗೆ ಬಂದಷ್ಟನ್ನು ಚೀಟಿಯಲ್ಲಿ ಬರೆದು ಚೀಲದೊಳಗಿಡಿ. ಎಣ್ಣೆ ಸವರಿದ್ದನ್ನೂ ಬರೆಯಿರಿ. ಕೊನೆಯಲ್ಲಿ ‘ನೆನಪಿನಿಂದ ಬರೆದದ್ದು’ ಎಂದು ಸೇರಿಸಲು ಮರೆಯಬೇಡಿ.