ಕೆರೆಯ ಗೆಂಡೆ: ಬಿಡುವುದೋ, ಅಡುಗೆಗೆ ತರುವುದೋ

ಕೆರೆಯಲ್ಲಿ ಗಾಳಕ್ಕೆ ಸಿಕ್ಕ ದೊಡ್ಡ ಗೆಂಡೆಯನ್ನು ಮರಳಿ ಬಿಡಬೇಕೇ, ಮನೆಗೆ ತಂದರೆ ಮಣ್ಣುವಾಸನೆ ಹೋಗಿಸುವುದು ಹೇಗೆ ಎಂದು ತಾವು ಕೇಳಿದ್ದೀರಿ. ನಮ್ಮ ಹಲವು ಕೆರೆಗಳ ಮೀನು ಹಿಡಿಯುವ ಹಕ್ಕು ಸಹಕಾರ ಸಂಘಗಳಿಗೋ ಗುತ್ತಿಗೆದಾರರಿಗೋ ಸೇರಿರುವುದರಿಂದ, ಮರಿ ಬಿಟ್ಟು ಬೆಳೆಸಿದವರ ಒಪ್ಪಿಗೆಯನ್ನು ಮೊದಲು ಪಡೆಯಿರಿ.

ಒಪ್ಪಿಗೆಯಿದ್ದು, ಸಿಕ್ಕಿದ್ದು ಸಾಮಾನ್ಯ ಗೆಂಡೆ (ಕಾಮನ್ ಕಾರ್ಪ್) ಎಂಬ ಜಾತಿಯದಾದರೆ ಸಂಕೋಚವಿಲ್ಲದೆ ತನ್ನಿ; ಅದು ಹೊರದೇಶದಿಂದ ಬಂದ ಮೀನು, ತಳದ ಕೆಸರನ್ನು ಕೆದಕಿ ನೀರನ್ನು ಬಗ್ಗಡ ಮಾಡುತ್ತದೆ. ಬಾಯಂಚಿನಲ್ಲಿ ಎರಡು ಜೊತೆ ಮೀಸೆಗಳೂ ಬೆನ್ನಿನ ಮೇಲೆ ಉದ್ದನೆಯ ರೆಕ್ಕೆಯೂ ಇದ್ದರೆ ಅದೇ ಎಂದು ತಿಳಿಯಬಹುದು. ಆದರೆ ಕಾವೇರಿಯಲ್ಲಿ ಮಹಶೀರ್ ಸಿಕ್ಕರೆ, ಗೆಂಡೆಯ ಕುಟುಂಬದ್ದೇ ಆದರೂ, ದಯವಿಟ್ಟು ಒದ್ದೆ ಕೈಯಲ್ಲಿ ಹಿಡಿದು, ನೀರಿನಲ್ಲಿಯೇ ಗಾಳ ಬಿಡಿಸಿ ಬಿಟ್ಟುಬಿಡಿ. ಅಲ್ಲಿನ ಗೂನುಬೆನ್ನಿನ ಮಹಶೀರ್ ಅಳಿವಿನ ಅಂಚಿನಲ್ಲಿದೆ.

ಮಣ್ಣುವಾಸನೆಗೆ ಮುಖ್ಯ ಕಾರಣ ನೀಲಿ-ಹಸಿರು ಪಾಚಿ ಮತ್ತು ಕೆಲವು ಬ್ಯಾಕ್ಟೀರಿಯಾಗಳು ಹುಟ್ಟಿಸುವ ಜಿಯೋಸ್ಮಿನ್ ಎಂಬ ರಾಸಾಯನಿಕ. ಅದು ಮೀನಿನ ಕೊಬ್ಬಿನಲ್ಲಿ ಸೇರಿಕೊಳ್ಳುವುದರಿಂದ, ಚರ್ಮವನ್ನೂ ಅದರಡಿಯಲ್ಲಿ ಪಕ್ಕೆಯುದ್ದಕ್ಕೂ ಕಾಣುವ ಕಡುಗೆಂಪು ಮಾಂಸವನ್ನೂ ಬಿಡಿಸಿ ತೆಗೆಯಿರಿ. ಹುಳಿಯಲ್ಲಿ ಈ ವಾಸನೆ ಮುರಿಯುತ್ತದೆ. ಆದ್ದರಿಂದ ತುಂಡುಗಳಿಗೆ ಉಪ್ಪು, ಅರಿಸಿನ, ಗಟ್ಟಿ ಹುಣಸೆರಸ ಸವರಿ ಅರ್ಧ ಗಂಟೆ ಬಿಟ್ಟು, ತೊಳೆದು, ಹುಳಿ ಮುಂದಾಗಿರುವ ಸಾರನ್ನೇ ಮಾಡಿ.